ಫಾಸ್ಫೊ-ಎಕೆಟಿ ಸೆರಿನ್ 473, ಡಿ9ಇ ಕ್ಲೋನ್: ಪುಣೆಯ ಲ್ಯಾಬುಗಳವರಿಗೆ ಒಂದು ವಿಮರ್ಶೆ

ಜೀವಕೋಶದೊಳಗೆ ಸಂಕೇತ ಸಾಗಿಸುವ ಎಕೆಟಿ ಪ್ರೋಟೀನಿನ ಮೇಲೆ ಫಾಸ್ಫೇಟ್ ಕೂತಿದೆಯೇ ಎಂದು ತೋರಿಸುವ, ಸೆಲ್ ಸಿಗ್ನಲಿಂಗ್ ಟೆಕ್ನಾಲಜಿ ಕಂಪನಿಯ 4060 ನಂಬರಿನ ಆಂಟಿಬಾಡಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಖಾಲಿ ಬಂದರೆ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವುದು ಈ ವಯಲ್ಲೇ. ತಪ್ಪು ಮಾತ್ರ ಸಾಮಾನ್ಯವಾಗಿ ಅದಕ್ಕೂ ಹಿಂದಿನ ದಿನ, ಲೈಸೇಟ್ (ಜೀವಕೋಶ ಒಡೆದು ತೆಗೆದ ಸಾರ) ಮಾಡುವಾಗಲೇ ಆಗಿಹೋಗಿರುತ್ತದೆ. ಪಾಷಾಣ, ಗಣೇಶಖಿಂಡ ಕಡೆಯ ಲ್ಯಾಬುಗಳಿಗೆ ಧಾರವಾಡ, ಬೆಳಗಾವಿ, ಕಲಬುರಗಿಯಿಂದ ಎಂಎಸ್ಸಿ ಮುಗಿಸಿ ಬಂದು ಸೇರಿಕೊಂಡ ಕನ್ನಡದ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಇನ್ಸುಲಿನ್ ಇರಲಿ, ಕ್ಯಾನ್ಸರ್ ಇರಲಿ, ಅವರು ಯಾವ ವಿಷಯ ಹಿಡಿದರೂ ಎಕೆಟಿ ಬ್ಲಾಟ್ ತಪ್ಪಿದ್ದಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಇದು ಮೊಲದ ಮೊನೊಕ್ಲೋನಲ್, ಅಂದರೆ ಎಲ್ಲವೂ ಒಂದೇ ಬಗೆಯ ಆಂಟಿಬಾಡಿ. ಎಕೆಟಿ1ರ 473ನೇ ಸೆರಿನ್‌ಗೆ ಫಾಸ್ಫೇಟ್ ಕೂತಾಗ ಮಾತ್ರ ಹಿಡಿಯುತ್ತದೆ. ಇದೇ ಪ್ರೋಟೀನಿನ ಇನ್ನೆರಡು ರೂಪಗಳಾದ ಎಕೆಟಿ2ರ 474, ಎಕೆಟಿ3ರ 472 ಕೂಡ ಇದರ ಕೈಗೆ ಸಿಗುತ್ತವೆ, ಆದ್ದರಿಂದ ಮೂರರಲ್ಲಿ ಯಾವುದು ಎಂದು ಇದೊಂದರಿಂದಲೇ ಹೇಳಲಾಗದು. ಹಳೆಯ ಪೇಪರುಗಳಲ್ಲಿ ಕಾಣುವ ಇದೇ ಕಂಪನಿಯ 9271 ಪಾಲಿಕ್ಲೋನಲ್, ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ. ಅದಕ್ಕೆ ಹೋಲಿಸಿದರೆ ಡಿ9ಇಯಲ್ಲಿ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ ಕಡಿಮೆ, ಬ್ಯಾಕ್‌ಗ್ರೌಂಡ್ ಸ್ವಚ್ಛ. ಮೂರು ವರ್ಷದ ಪಿಎಚ್‌ಡಿ ಡೇಟಾ ಒಂದೇ ಫಿಗರ್‌ನಲ್ಲಿ ಕೂರಿಸಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ವಯಲ್‌ನಲ್ಲಿ ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ. ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿಡುವ ಗೋಜು ಬೇಡ, ಕಂಪನಿಯೂ ಬೇಡವೆಂದೇ ಹೇಳುತ್ತದೆ. ಮೈನಸ್ 80ಕ್ಕೆ ಮಾತ್ರ ಹಾಕಬೇಡಿ. ತೆಗೆದ ತಕ್ಷಣ ಒಂದು ಸಣ್ಣ ಸ್ಪಿನ್ ಕೊಡಿ, ದ್ರವ ಮುಚ್ಚಳಕ್ಕೆ ಅಂಟಿಕೊಂಡಿರುತ್ತದೆ. ಪಿಪೆಟ್‌ನ ಬಟನ್ ನಿಧಾನವಾಗಿ ಬಿಡಿ, ಟಿಪ್ ಅನ್ನು ತಳಕ್ಕೆ ಮುಳುಗಿಸದೆ ಮೇಲ್ಭಾಗದಲ್ಲಷ್ಟೇ ತಾಗಿಸಿ. ಎರಡೂವರೆ ಮೈಕ್ರೋಲೀಟರ್ ತೆಗೆಯುವಾಗ ಟಿಪ್‌ನ ಹೊರಗೋಡೆಗೆ ಅಂಟಿದ ಗ್ಲಿಸರಾಲ್ ಇನ್ನೊಂದು ಮೈಕ್ರೋಲೀಟರ್ ಕದ್ದೊಯ್ಯುತ್ತದೆ. ವಯಲ್ ಲೆಕ್ಕಕ್ಕಿಂತ ಬೇಗ ಮುಗಿಯಿತೆಂದು ಗೊಣಗುವವರು ಮೊದಲು ಇದನ್ನು ನೋಡಿಕೊಳ್ಳಲಿ.

ಮುಂಬೈ ಕಸ್ಟಮ್ಸ್ ದಾಟಿ ಪುಣೆಗೆ ಬರುವ ಹೊತ್ತಿಗೆ, ಅದರಲ್ಲೂ ಏಪ್ರಿಲ್-ಮೇನಲ್ಲಿ, ಡಬ್ಬಿಯ ಐಸ್ ಪ್ಯಾಕ್ ಕರಗಿರುವುದುಂಟು. ಹೌಹಾರಬೇಡಿ. ಒಂದೆರಡು ದಿನದ ಬೆಚ್ಚಗಿನ ಪ್ರಯಾಣಕ್ಕೆ ಐಜಿಜಿ (ಈ ಬಗೆಯ ಆಂಟಿಬಾಡಿ) ಸಾಮಾನ್ಯವಾಗಿ ಜಗ್ಗುವುದಿಲ್ಲ. ಆದರೆ ಬಂದ ದಿನಾಂಕ, ಲಾಟ್ ನಂಬರ್ ಬರೆದಿಟ್ಟು, ಗೊತ್ತಿರುವ ಒಳ್ಳೆಯ ಲೈಸೇಟ್ ಮೇಲೆ ಅದೇ ವಾರ ಪರೀಕ್ಷಿಸಿ. ದೂರು ಕೊಡಬೇಕಾಗಿ ಬಂದರೆ ಡೀಲರ್ ಮೊದಲು ಕೇಳುವುದು ಆ ಬ್ಲಾಟನ್ನೇ. ಗುರುವಾರದ ಪವರ್ ಕಟ್‌ಗೂ ವಯಲ್ ಹೆದರುವುದಿಲ್ಲ, ಕೋಲ್ಡ್ ರೂಮಿನಲ್ಲಿ ಬ್ಲಾಟ್ ತೂಗುವ ರಾಕರ್ ನಿಲ್ಲುವುದೇ ತಲೆನೋವು.

ಈಗ ಮುಖ್ಯ ವಿಷಯ. ಸೆರಿನ್ 473ರ ಫಾಸ್ಫೇಟ್ ಕೂರಿಸುವುದು ಎಂಟಾರ್ ಕಾಂಪ್ಲೆಕ್ಸ್ 2 ಎಂಬ ಪ್ರೋಟೀನ್ ಕೂಟ. ಇದನ್ನು ಸರ್ಬಾಸೊವ್, ಸಬಾಟಿನಿ ಗುಂಪು ತೋರಿಸಿದ್ದು 2005ರಲ್ಲಿ. ಆ ಫಾಸ್ಫೇಟನ್ನು ಕಿತ್ತು ಹಾಕುವ ಫಾಸ್ಫಟೇಸ್ ಕಿಣ್ವಗಳಲ್ಲಿ ಪಿಎಚ್‌ಎಲ್‌ಪಿಪಿ ಮುಖ್ಯವಾದದ್ದು. ಜೀವಕೋಶ ಒಡೆದ ಕ್ಷಣದಿಂದ ಇಂಥವು ಹತೋಟಿ ತಪ್ಪಿ ಕೆಲಸ ಶುರು ಮಾಡುತ್ತವೆ. ಅನೇಕರು ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಸೋಡಿಯಂ ಆರ್ಥೋವನಡೇಟ್ ಹಾಕಿ ನಿಶ್ಚಿಂತರಾಗುತ್ತಾರೆ. ವನಡೇಟ್ ತಡೆಯುವುದು ಟೈರೋಸಿನ್ ಫಾಸ್ಫಟೇಸ್‌ಗಳನ್ನು. ಸೆರಿನ್ ಉಳಿಯಬೇಕಾದರೆ ಸೋಡಿಯಂ ಫ್ಲೋರೈಡ್ 10ರಿಂದ 50 ಮಿಲಿಮೋಲಾರ್, ಬೀಟಾ-ಗ್ಲಿಸರೋಫಾಸ್ಫೇಟ್ 10 ಮಿಲಿಮೋಲಾರ್ ಬೇಕು. ಪಿಎಚ್‌ಎಲ್‌ಪಿಪಿ ಲೋಹದ ಅಯಾನು ನೆಚ್ಚಿಕೊಂಡ ಪಿಪಿ2ಸಿ ವಂಶದ್ದು, ಹಾಗಾಗಿ ಲೋಹದ ಅಯಾನು ಹಿಡಿದಿಡುವ ಇಡಿಟಿಎ ಕೂಡ ಒಳ್ಳೆಯದು. ತಮಾಷೆಯೆಂದರೆ ಅದೇ ಇಡಿಟಿಎ ವನಡೇಟ್‌ನ ಶಕ್ತಿ ಕುಂದಿಸುತ್ತದೆ. ಈ ಸೈಟ್ ಮಾತ್ರ ನೋಡುವವರು ಇಡಿಟಿಎ ಪಕ್ಷ ವಹಿಸಿದರೆ ನಷ್ಟವಿಲ್ಲ, ಅದೇ ಲೈಸೇಟ್‌ನಲ್ಲಿ ಫಾಸ್ಫೊಟೈರೋಸಿನ್ ಕೂಡ ನೋಡಬೇಕಾದವರು ಯೋಚಿಸಿ.

ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ. ಮೀಡಿಯಾ ಚೆಲ್ಲಿ, ಪ್ಲೇಟ್ ಐಸ್ ಮೇಲಿಟ್ಟು, ತಣ್ಣನೆಯ ಪಿಬಿಎಸ್‌ನಲ್ಲಿ ಒಮ್ಮೆ ತೊಳೆದು, ಆರು ಬಾವಿಯ (ಗುಳಿಯ) ಪ್ಲೇಟ್‌ನಲ್ಲಿ ಬಾವಿಗೆ 100 ಮೈಕ್ರೋಲೀಟರ್‌ನಂತೆ ಎಸ್‌ಡಿಎಸ್ ಸ್ಯಾಂಪಲ್ ಬಫರ್ ನೇರ ಸುರಿಯಿರಿ. ಕೆರೆದು ಟ್ಯೂಬ್‌ಗೆ ತೆಗೆದು, 10-15 ಸೆಕೆಂಡ್ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಒಡೆದು), 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. ಫಾಸ್ಫಟೇಸ್‌ಗಳಿಗೆ ಉಸಿರಾಡಲೂ ಬಿಡುವು ಸಿಗದು. ಸೋನಿಕೇಟ್ ಬಿಟ್ಟರೆ ಡಿಎನ್‌ಎ ಲೋಳೆಯಾಗಿ, ಲೋಡ್ ಮಾಡುವಾಗ ಟಿಪ್ ಹಿಂದೆಯೇ ಸ್ಯಾಂಪಲ್ ಎದ್ದು ಬರುತ್ತದೆ. ಡಿಟಿಟಿ ಮತ್ತು ನೀಲಿ ಬಣ್ಣ ಬಿಟ್ಟ ಬಫರ್ ಬಳಸಿದರೆ ಮೊದಲು ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆದು, ಆಮೇಲೆ ಅವೆರಡನ್ನೂ ಸೇರಿಸಬಹುದು. ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನವಾದ ಬ್ರಾಡ್‌ಫರ್ಡ್ ಇಲ್ಲಿ ನಡೆಯುವುದಿಲ್ಲ, ಎಸ್‌ಡಿಎಸ್ ಅದನ್ನು ಕೆಡಿಸುತ್ತದೆ.

ಕಂಟ್ರೋಲ್ ಇಲ್ಲದ ಫಾಸ್ಫೊ ಬ್ಲಾಟ್‌ಗೆ ಬೆಲೆಯಿಲ್ಲ. ಹೀಲಾ ಅಥವಾ ಎನ್‌ಐಎಚ್-3ಟಿ3 ಕೋಶಗಳನ್ನು ರಾತ್ರಿಯಿಡೀ ಸೀರಂ ಇಲ್ಲದೆ ಇಟ್ಟು, ಬೆಳಿಗ್ಗೆ 100 ನ್ಯಾನೋಮೋಲಾರ್ ಇನ್ಸುಲಿನ್ 10-15 ನಿಮಿಷ ಕೊಡಿ. ಇನ್ನೊಂದು ಬಾವಿಗೆ ಇನ್ಸುಲಿನ್‌ಗೆ ಒಂದು ಗಂಟೆ ಮೊದಲು 50 ಮೈಕ್ರೋಮೋಲಾರ್ ಎಲ್‌ವೈ294002 ಹಾಕಿ, ಎಕೆಟಿಯನ್ನು ಎಬ್ಬಿಸುವ ಪಿಐ3-ಕೈನೇಸ್ ಕಿಣ್ವವನ್ನು ಅದು ತಡೆಯುತ್ತದೆ. ಬ್ಯಾಂಡ್ ಒಂದರಲ್ಲಿ ಏಳಬೇಕು, ಇನ್ನೊಂದರಲ್ಲಿ ಮಾಯವಾಗಬೇಕು. ಪಿಸಿ-3, ಎಲ್ಎನ್‌ಕ್ಯಾಪ್, ಯು87 ಕೋಶಗಳಲ್ಲಿ ಪಿಐ3-ಕೈನೇಸ್‌ನ ಕೆಲಸಕ್ಕೆ ಕಡಿವಾಣ ಹಾಕುವ ಪಿಟೆನ್ ಇಲ್ಲ, ಉಪವಾಸ ಹಾಕಿದರೂ ಸಿಗ್ನಲ್ ಇಳಿಯುವುದು ಕಷ್ಟ. ಆಂಟಿಬಾಡಿ ಜೀವಂತವಾಗಿದೆಯೇ ಎಂದು ನೋಡಲು ಅವು ಚೆನ್ನ, ಇನ್ಸುಲಿನ್ ಪರಿಣಾಮ ತೋರಿಸಲು ಅಲ್ಲ. ಕೋಶಗಳು ಗಣೇಶಖಿಂಡದ ಎನ್‌ಸಿಸಿಎಸ್ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಭಂಡಾರದಲ್ಲೇ ಸಿಗುತ್ತವೆ.

ಎಂಟಾರ್ ತಡೆಯುವ ಔಷಧಿ ರಾಪಮೈಸಿನ್ ಕೊಟ್ಟರೆ ಬ್ಯಾಂಡ್ ಕಡಿಮೆಯಾಗುವ ಬದಲು ಹೆಚ್ಚಾಯಿತು, ಆಂಟಿಬಾಡಿ ಕೆಟ್ಟಿದೆ ಎಂಬ ದೂರು ಸಾಮಾನ್ಯ. ಕೆಟ್ಟಿಲ್ಲ. ರಾಪಮೈಸಿನ್ ಬೇಗ ತಡೆಯುವುದು ಎಂಟಾರ್‌ನ ಕಾಂಪ್ಲೆಕ್ಸ್ 1 ಅನ್ನು. ಆಗ ಅದರ ಕೈಕೆಳಗಿನ ಎಸ್6 ಕೈನೇಸ್‌ನಿಂದ, ಇನ್ಸುಲಿನ್ ಸಂಕೇತ ಒಯ್ಯುವ ಐಆರ್‌ಎಸ್-1 ಮೇಲಿದ್ದ ಒತ್ತಡ ಸಡಿಲಗೊಂಡು ಪಿಐ3-ಕೈನೇಸ್ ಇನ್ನಷ್ಟು ಚುರುಕಾಗುತ್ತದೆ. ಕಾಂಪ್ಲೆಕ್ಸ್ 2 ಮೇಲೆ ಪರಿಣಾಮ ಕಾಣುವುದು ತುಂಬಾ ಹೊತ್ತು ಕೊಟ್ಟಾಗ, ಅದೂ ಕೆಲವು ಕೋಶಗಳಲ್ಲಿ ಮಾತ್ರ.

ಬ್ಲಾಟ್‌ಗೆ ಶೇ. 10ರ ಜೆಲ್, ಲೇನ್‌ಗೆ 20-30 ಮೈಕ್ರೋಗ್ರಾಂ ಸಾಕು. ಬ್ಯಾಂಡ್ 60 ಕಿಲೋಡಾಲ್ಟನ್ ಹತ್ತಿರ ಬರುತ್ತದೆ. ಪೊರೆಯ ಖಾಲಿ ಜಾಗ ಮುಚ್ಚುವ ಬ್ಲಾಕಿಂಗ್‌ಗೆ ಶೇ. 5ರ ಹಾಲಿನ ಪುಡಿ ನಡೆಯುತ್ತದೆ, ಕಂಪನಿಯ ಪ್ರೊಟೊಕಾಲ್‌ನಲ್ಲೇ ಇದೆ. ಪ್ರೈಮರಿಯನ್ನು (ಈ ಆಂಟಿಬಾಡಿಯನ್ನು) ಮಾತ್ರ ಟಿಬಿಎಸ್‌ಟಿ ಬಫರ್‌ನಲ್ಲಿ ಕರಗಿಸಿದ ಶೇ. 5 ಬಿಎಸ್‌ಎಯಲ್ಲಿ (ಹಸುವಿನ ಸೀರಂ ಅಲ್ಬುಮಿನ್) 1:2000 ಮಾಡಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಬಿಎಸ್‌ಎ ದುಬಾರಿಯೆಂದು ಇಲ್ಲೂ ಹಾಲಿಗೆ ಇಳಿದರೆ ಸಿಗ್ನಲ್ ಸೊರಗುತ್ತದೆ. ಪ್ರೈಮರಿಗೆ ಅಂಟಿ ಅದನ್ನು ಕಾಣುವಂತೆ ಮಾಡುವ ಸೆಕೆಂಡರಿ ಆಂಟಿಬಾಡಿ ಧಾರಾಳವಾಗಿ ಸುರಿದರೆ ಬ್ಯಾಂಡ್‌ನ ನಡುಭಾಗ ಬೆಳ್ಳಗೆ ಟೊಳ್ಳಾಗಿ, ಅಂಚು ಮಾತ್ರ ಕಪ್ಪಾಗಿ ಕಾಣುತ್ತದೆ. ಸೆಕೆಂಡರಿಯ ಮೇಲಿನ ಎಚ್‌ಆರ್‌ಪಿ ಕಿಣ್ವ ಅಲ್ಲಿನ ಸಬ್‌ಸ್ಟ್ರೇಟನ್ನೆಲ್ಲ ಕ್ಷಣದಲ್ಲಿ ತಿಂದು ಮುಗಿಸಿರುತ್ತದೆ. ಅಂಥ ಬ್ಯಾಂಡನ್ನು ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಅಳೆದು ಗ್ರಾಫ್ ಹಾಕುವುದು ಅನ್ಯಾಯ.

ಒಟ್ಟು ಎಕೆಟಿಗಾಗಿ (ಫಾಸ್ಫೇಟ್ ಇರಲಿ ಬಿಡಲಿ) ಮೆಂಬ್ರೇನ್ ಸ್ಟ್ರಿಪ್ ಮಾಡಿ, ಅಂದರೆ ಹಳೆಯ ಆಂಟಿಬಾಡಿ ತೊಳೆದು ತೆಗೆದು, ಮತ್ತೊಂದು ಮೊಲದ ಆಂಟಿಬಾಡಿ ಹಾಕುವ ರೂಢಿಯಿದೆ. ಸ್ಟ್ರಿಪ್ ಅರೆಬರೆಯಾದರೆ ಹಳೆಯ ಸಿಗ್ನಲ್ ಅದೇ ಜಾಗದಲ್ಲಿ ಕೂತು ಮೋಸ ಮಾಡುತ್ತದೆ, ಜಾಸ್ತಿಯಾದರೆ ಪ್ರೋಟೀನೇ ತೊಳೆದುಹೋಗುತ್ತದೆ. ಒಟ್ಟು ಎಕೆಟಿ ಹಿಡಿಯುವ ಇಲಿಯ 40ಡಿ4 ಕ್ಲೋನ್ ತೆಗೆದುಕೊಂಡು ಫ್ಲೋರೆಸೆಂಟ್ ಸೆಕೆಂಡರಿ ಬಳಸಿದರೆ ಎರಡನ್ನೂ ಒಟ್ಟಿಗೆ ನೋಡಬಹುದು. ಆ ಸ್ಕ್ಯಾನರ್ ಇಲ್ಲದವರು ಒಂದೇ ಲೈಸೇಟ್‌ನ ಎರಡು ಜೆಲ್ ಓಡಿಸಿ. ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಬಿದ್ದಿದೆಯೇ ಎಂದು ನೋಡಲು ಟ್ಯೂಬುಲಿನ್ ಲೋಡಿಂಗ್ ಕಂಟ್ರೋಲ್ ಬೇಡ, 50-55 ಕಿಲೋಡಾಲ್ಟನ್‌ನಲ್ಲಿ ಬಂದು ಎಕೆಟಿಗೆ ತಾಗುವಷ್ಟು ಹತ್ತಿರ ಕೂರುತ್ತದೆ. 37ರ ಜಿಎಪಿಡಿಎಚ್ ಸಾಕು.

ಟಿಶ್ಯೂ ಸೆಕ್ಷನ್ ಮೇಲೂ ಇದು ನಡೆಯುತ್ತದೆ. ಆದರೆ ಆಸ್ಪತ್ರೆಯ ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳಲ್ಲಿ, ಗೆಡ್ಡೆ ಕತ್ತರಿಸಿದ ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಬಿತ್ತು ಎಂಬ ದಾಖಲೆ ಇಲ್ಲದಿದ್ದರೆ ನೆಗೆಟಿವ್ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಬಜೆಟ್ ಬಿಗಿ ಇರುವವರು 20 ಮೈಕ್ರೋಲೀಟರ್‌ನ ಸಣ್ಣ ವಯಲ್ ಕೇಳಿ. 1:2000ದಲ್ಲಿ 40 ಮಿಲಿಲೀಟರ್ ಆಗುತ್ತದೆ, ಬ್ಲಾಟ್‌ಗೆ 5ರಂತೆ ಎಂಟು ಬ್ಲಾಟ್. ಬಳಸಿದ ದ್ರಾವಣವನ್ನು ಶೇ. 0.02 ಅಜೈಡ್ ಹಾಕಿ 4 ಡಿಗ್ರಿಯಲ್ಲಿಟ್ಟು ಮರುಬಳಕೆ ಮಾಡುವವರಿದ್ದಾರೆ. ಹೌದು-ಇಲ್ಲ ಎಂದು ನೋಡಲು ಪರವಾಗಿಲ್ಲ, ಅಳತೆಯ ಬ್ಲಾಟ್‌ಗೆ ಹೊಸದೇ ಬೇಕು. ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ, ಆದ್ದರಿಂದ ಸೆಕೆಂಡರಿಗೆ ಮುಂಚೆ ಐದೈದು ನಿಮಿಷದಂತೆ ಮೂರು ಸಲ ತೊಳೆಯುವುದನ್ನು ತಪ್ಪಿಸಬೇಡಿ. ಎಕೆಟಿಯ ಇನ್ನೊಂದು ಜಾಗಕ್ಕೆ ಫಾಸ್ಫೇಟ್ ಕೂರಿಸುವ ಪಿಡಿಕೆ1ರ ಕೆಲಸ ನೋಡುವವರಿಗೆ ಈ ವಯಲ್‌ನಿಂದ ಪ್ರಯೋಜನವಿಲ್ಲ, ಅವರಿಗೆ ಬೇಕಾದದ್ದು ಥ್ರಿಯೊನಿನ್ 308ರ ಆಂಟಿಬಾಡಿ.