ಏಳು ಮಳೆಗಾಲ ಕಂಡ ಚಿನ್ನದ ಬಣ್ಣದ ವಾಚ್: ಸೀಕೊ ಗೋಲ್ಡನ್ ಟ್ಯೂನಾ

2018ರ ದೀಪಾವಳಿಗೆ ಭಾವ ಸಿಂಗಾಪುರದಿಂದ ಬರುವಾಗ ಈ ವಾಚ್ ತಂದುಕೊಟ್ಟರು. ದುಡ್ಡು ನನ್ನದೇ. ನಾಲ್ಕೈದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು. ಡಬ್ಬಿ ತೆಗೆದ ಕೂಡಲೇ ಅಪ್ಪಯ್ಯ ಹೇಳಿದ್ದು ಒಂದೇ ಮಾತು. “ಇದನ್ನ ಬೀರುವಿನಲ್ಲಿಡು ಮಾರಾಯ. ಮದುವೆ ಮುಂಜಿಗೆ ಹಾಕ್ಕೊಂಡ್ರಾಯ್ತು.” ನಾನು ಮಾರನೇ ದಿನವೇ ಕಟ್ಟಿಕೊಂಡು ತೋಟಕ್ಕೆ ಇಳಿದೆ. ತೀರ್ಥಹಳ್ಳಿ ಕಡೆಯ ಏಳು ಮಳೆಗಾಲ ಆಮೇಲೆ ಕಳೆದಿವೆ. ವಾಚ್ ಈಗಲೂ ಕೈಯಲ್ಲೇ ಇದೆ.

ಇದು ಒಡವೆ ಅಲ್ಲ ಅನ್ನೋದು ಇದರ ಹುಟ್ಟಿನ ಕಥೆ ಗೊತ್ತಾದರೆ ತಿಳಿಯುತ್ತದೆ. 1968ರಲ್ಲಿ ಹಿರೋಷಿಮಾ ಹತ್ತಿರದ ಕುರೆ ಊರಿನ ಒಬ್ಬ ಮುಳುಗುಗಾರ ಸೀಕೊ ಕಂಪನಿಗೆ ಪತ್ರ ಬರೆದ. ಮುನ್ನೂರು ಮೀಟರ್ ಆಳದಲ್ಲಿ ನಮ್ಮ ಕೆಲಸ, ಅಲ್ಲಿ ಯಾವ ವಾಚೂ ಉಳಿಯೋದಿಲ್ಲ ಅಂತ. ಅಂಥ ಆಳದಲ್ಲಿ ಉಸಿರಾಟಕ್ಕೆ ಹೀಲಿಯಂ ಬೆರೆಸಿದ ಗಾಳಿ ಕೊಡುತ್ತಾರೆ. ಹೀಲಿಯಂ ತುಂಬಾ ಸಣ್ಣ ಕಣ. ನೀರು ಹೋಗದ ಸಂದಿಯಲ್ಲೂ ಅದು ನುಸುಳುತ್ತದೆ. ಮೇಲೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗೆ ಸೇರಿದ ಗಾಳಿ ವಾಚಿನ ಗಾಜನ್ನೇ ಕಿತ್ತು ಎಸೆಯುತ್ತದೆ. ಇಕುವೊ ತೊಕುನಾಗ ಅನ್ನುವ ಎಂಜಿನಿಯರ್ ಮತ್ತು ಅವರ ಜೊತೆಯವರು ಇದರ ಹಿಂದೆ ಬಿದ್ದು ಏಳು ವರ್ಷ ದುಡಿದರು. 1975ರಲ್ಲಿ 600 ಮೀಟರ್ ಆಳ ತಡೆಯುವ ಟೈಟೇನಿಯಂ ವಾಚ್ ಬಂತು. ಹಿಂದೆ ಮುಚ್ಚಳವೇ ಇಲ್ಲದ ಒಂದೇ ತುಂಡಿನ ಕೇಸ್, ಅದರ ಸುತ್ತ ಇನ್ನೊಂದು ಕವಚ. ನೋಡಲು ಟ್ಯೂನಾ ಮೀನಿನ ತಗಡಿನ ಡಬ್ಬಿ ಥರ ಇದ್ದದ್ದಕ್ಕೆ ಜನ ಆ ಹೆಸರಿಟ್ಟರು. 1978ರಲ್ಲಿ ಅದು ಬ್ಯಾಟರಿ ವಾಚ್ ಆಯ್ತು, ಚಿನ್ನದ ಬಣ್ಣವೂ ಬಂತು. ಅದರ ನಲವತ್ತನೇ ವರ್ಷಕ್ಕೆ 2018ರಲ್ಲಿ ಎಣಿಸಿ 1978 ವಾಚುಗಳನ್ನಷ್ಟೇ ಮಾಡಿದರು. ನನ್ನದು ಅದರಲ್ಲಿ ಒಂದು.

ನನ್ನ ವಾಚ್ ತಡೆಯುವ ಆಳ 1000 ಮೀಟರ್. ಜೋಗದ ಎತ್ತರ 253 ಮೀಟರ್ ಅಲ್ವಾ? ನಾಲ್ಕು ಜೋಗ ಒಂದರ ಮೇಲೊಂದು ನಿಲ್ಲಿಸಿದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು ಆಳ. ನಾನು ಇಳಿದದ್ದು ಮುರುಡೇಶ್ವರದ ನೇತ್ರಾಣಿಯಲ್ಲಿ ಎರಡು ಸಲ, ಹತ್ತು ಮೀಟರ್ ಆಸುಪಾಸು ಅಷ್ಟೇ. ಆದರೂ ನೀರಿನೊಳಗೆ ಬಂಡೆಯ ಪಕ್ಕ ಕೈ ಎತ್ತಿ ನೋಡಿದಾಗ ಮುಳ್ಳು ಎರಡೂ ಅಷ್ಟು ಸ್ಪಷ್ಟವಾಗಿ ಕಂಡವು. ಆ ಕ್ಷಣ ನನಗೆ ಬಹಳ ಖುಷಿ ಕೊಟ್ಟಿತು.

ಬಣ್ಣದ ವಿಷಯ ಎಲ್ಲರೂ ಕೇಳುತ್ತಾರೆ. ಚಿನ್ನ ಅಲ್ಲ. 1978ರ ಮೂಲ ವಾಚಿನಲ್ಲಿ ಟೈಟೇನಿಯಂ ಮೇಲೆ ಟೈಟೇನಿಯಂ ನೈಟ್ರೈಡ್ ಕೂರಿಸಿದ್ದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಹಳದಿ ಹೊಳಪಿನ ಡ್ರಿಲ್ ಬಿಟ್ ನೋಡಿರಬಹುದು, ಅದರ ಮೇಲಿರೋದೂ ಇದೇ. ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ನನ್ನ ವಾಚಿನಲ್ಲೂ ಅದೇ ಬಣ್ಣದ ಗಟ್ಟಿ ಲೇಪನ. ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ನಾನು ಇದನ್ನು ತೆಗೆದಿಡುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ನೀಲಿ ನೀರು ಮೈಮೇಲೆಲ್ಲ ಸುರಿಯುತ್ತದೆ. ಬೆಜೆಲಿನ (ಗಾಜಿನ ಸುತ್ತ ತಿರುಗುವ ಬಳೆ) ಹಲ್ಲುಗಳ ಸಂದಿಯಲ್ಲಿ ಸುಣ್ಣ ಬೆಳ್ಳಗೆ ಒಣಗಿ ಕೂರುತ್ತದೆ. ಸಂಜೆ ಬಿಸಿನೀರು, ಹಳೆಯ ಟೂತ್‌ಬ್ರಷ್, ಮುಗೀತು. ಬಣ್ಣ ಒಂದು ಚೂರೂ ಮಂಕಾಗಿಲ್ಲ. ಅಡಿಕೆ ಚೊಗರು ಬೆರಳಿನಿಂದ ವಾರಗಟ್ಟಲೆ ಹೋಗೋದಿಲ್ಲ, ವಾಚಿನಿಂದ ಒಂದೇ ತೊಳೆತಕ್ಕೆ ಹೋಗುತ್ತದೆ.

ಬೆಜೆಲ್ ನಾನು ಜಾಸ್ತಿ ಬಳಸೋದು ಸುಗ್ಗಿಯಲ್ಲಿ. ಹಂಡೆಗೆ ಅಡಿಕೆ ಸುರಿದ ಕೂಡಲೇ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿಗೆ ತಂದು ನಿಲ್ಲಿಸುತ್ತೇನೆ. ಎಷ್ಟು ಹೊತ್ತು ಬೆಂದಿದೆ ಅಂತ ಒಂದು ನೋಟಕ್ಕೆ ಗೊತ್ತಾಗುತ್ತದೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಬರುತ್ತದಲ್ವಾ, ಮೋಟಾರ್ ಹಾಕಲು ಎರಡು ಗಂಟೆಗೆ ಎದ್ದರೂ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿರುತ್ತವೆ.

49.4 ಮಿಲಿಮೀಟರ್ ಅಗಲ, ದಪ್ಪವೂ ಜಾಸ್ತಿಯೇ. ಅಂಗಿಯ ತೋಳಿನೊಳಗೆ ಹೋಗುವುದಿಲ್ಲ. ಸಣ್ಣ ಮಣಿಕಟ್ಟಿನವರು ಒಮ್ಮೆ ಕಟ್ಟಿ ನೋಡದೆ ಕೊಳ್ಳಬೇಡಿ.

ಇನ್ನು ಬ್ಯಾಟರಿ. ಇದನ್ನು ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ಐದು ವರ್ಷ ಬಾಳಿಕೆ ಅಂತಾರೆ, ನನ್ನದು ಅದನ್ನೂ ದಾಟಿತ್ತು. 2024ರ ಆಷಾಢದಲ್ಲಿ ಒಂದು ದಿನ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಒಟ್ಟಿಗೆ ಹಾರತೊಡಗಿತು. ಕೆಟ್ಟೇಹೋಯ್ತು ಅಂತ ಎದೆ ಧಸಕ್ಕೆಂದಿತು. ಕೆಟ್ಟದ್ದಲ್ಲ, ಬ್ಯಾಟರಿ ಮುಗಿಯುತ್ತಿದೆ ಅಂತ ವಾಚ್ ಹೇಳುವ ರೀತಿ ಅದು. ಶಿವಮೊಗ್ಗಕ್ಕೆ ಒಯ್ದೆ. ಮೊದಲ ಅಂಗಡಿಯ ಹುಡುಗ ಹಿಂದೆ ಮುಚ್ಚಳ ಇದೆ ಅಂದುಕೊಂಡು ಚಾಕು ಹಾಕಿ ಎಬ್ಬಿಸಲು ನೋಡಿದ. ಎರಡು ಗೀರು ಬಿತ್ತು, ಇವತ್ತಿಗೂ ಇದೆ. ಗಾಂಧಿ ಬಜಾರಿನಲ್ಲಿ ಒಬ್ಬ ಹಿರಿಯರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ವಾಚನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೇ ಕೊಟ್ಟರು. “ಇದನ್ನ ಮುಂದಿನಿಂದ, ಗಾಜು ತೆಗೆದು ಬಿಚ್ಚಬೇಕು ಮಾರಾಯ್ರೆ. ನನ್ನ ಹತ್ರ ಅದರ ಸಾಮಾನಿಲ್ಲ. ಬೆಂಗಳೂರಿಗೆ ಕಳಿಸಿ.” ಒಂದು ರೂಪಾಯಿ ತಗೊಳ್ಳಲಿಲ್ಲ. ಅವರ ಮಾತು ಕೇಳಿದ್ದಕ್ಕೆ ವಾಚ್ ಉಳಿಯಿತು. ಬೆಂಗಳೂರಿನಿಂದ ಒತ್ತಡದ ಪರೀಕ್ಷೆ ಮುಗಿಸಿಕೊಂಡು ವಾಪಸ್ ಬರಲು ಒಂದೂವರೆ ತಿಂಗಳು ಆಯ್ತು. ಅಷ್ಟು ದಿನ ಖಾಲಿ ಕೈ ನೋಡಿಕೊಂಡೇ ಓಡಾಡಿದೆ.

ಹಳೆಯದನ್ನು ಕೊಳ್ಳುವವರು ಮೊದಲು ಬ್ಯಾಟರಿ ಯಾವಾಗ, ಎಲ್ಲಿ ಹಾಕಿಸಿದ್ದು ಅಂತ ಕೇಳಿ. ಸರಿಯಾದ ಉತ್ತರ ಬರದಿದ್ದರೆ ನೀರಿಗೆ ಇಳಿಸಬೇಡಿ.

ನಮ್ಮನೆ ಬೀರುವಿನ ಬಾಗಿಲ ಒಳಗೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಎಲ್ಲ ಅಪ್ಪಯ್ಯ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ವಾಚ್ ವಾಪಸ್ ಬಂದ ದಿನ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: “ವಾಚಿಗೆ ಬ್ಯಾಟರಿ, 2029.”