ಎವರೆಸ್ಟ್ ಬೇಸ್ ಕ್ಯಾಂಪೋ, ಅನ್ನಪೂರ್ಣ ಸರ್ಕ್ಯೂಟೋ?

ನೇಪಾಳಕ್ಕೆ ಮೊದಲ ಸಲ ಚಾರಣಕ್ಕೆ ಹೊರಟವರನ್ನು ಕಾಡುವ ಪ್ರಶ್ನೆ ಇದು. ಎರಡೂ ದಾರಿ ನಡೆದು ನೋಡಿದ ಮೇಲೆ ನಮಗೆ ಅನುಮಾನ ಉಳಿದಿಲ್ಲ. ಮಹಾಶಿಖರಗಳ ಬುಡದಲ್ಲಿ ನಿಲ್ಲಬೇಕೆಂದರೆ ಎವರೆಸ್ಟ್‌ನ ಖುಂಬು ಕಣಿವೆ. ಹಿಮಾಲಯದ ನೆಲ, ಮಳೆ, ಕಾಡು ಹೇಗೆ ಬದಲಾಗುತ್ತವೆಂದು ಕಾಲಿನಲ್ಲೇ ತಿಳಿಯಬೇಕೆಂದರೆ ಅನ್ನಪೂರ್ಣ.

ಅನ್ನಪೂರ್ಣದ ದಾರಿ ಶುರುವಾಗುವ ಬೇಸಿಸಹರ್ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಲ್ಲಿ ಭತ್ತದ ಗದ್ದೆ, ಬಾಳೆಗಿಡ. ಮರ್ಸ್ಯಾಂಗ್ಡಿ ನದಿಯ ಪಕ್ಕದಲ್ಲೇ ಏರುತ್ತ ಚಾಮೆ (2,670 ಮೀ.) ಮುಟ್ಟುವಾಗ ಪೈನ್ ಕಾಡು, ಮನಾಂಗ್‌ನಲ್ಲಿ (3,540 ಮೀ.) ಜುನಿಪರ್ ಪೊದೆ ಮತ್ತು ಬೂದು ಮಣ್ಣು. ಮುಂಗಾರಿನ ಮೋಡವನ್ನು ಅನ್ನಪೂರ್ಣ ಸಾಲು ದಕ್ಷಿಣದಲ್ಲೇ ತಡೆದುಬಿಡುತ್ತದೆ. ಪೋಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ, ಬೆಟ್ಟದಾಚೆಯ ಜೋಮ್ಸೋಮ್‌ನಲ್ಲಿ 300 ಮಿ.ಮೀ. ಆಸುಪಾಸು. ಆಗುಂಬೆಯಿಂದ ಚಿತ್ರದುರ್ಗಕ್ಕೆ ಬಂದಂತೆಯೇ, ಆದರೆ ಇಲ್ಲಿ ಆ ಬದಲಾವಣೆಗೆ ನೇರ ಅಂತರದಲ್ಲಿ 60 ಕಿ.ಮೀ. ಕೂಡ ಬೇಕಿಲ್ಲ.

ಥೊರೊಂಗ್ ಲಾ ಕಣಿವೆದಾರಿ (5,416 ಮೀ.) ದಾಟಿ ಮುಕ್ತಿನಾಥಕ್ಕೆ ಇಳಿದರೆ ಕಾಳಿಗಂಡಕಿ. ಒಂದು ಕಡೆ ಧವಳಗಿರಿ (8,167 ಮೀ.), ಇನ್ನೊಂದು ಕಡೆ ಅನ್ನಪೂರ್ಣ (8,091 ಮೀ.), ನಡುವೆ ನದಿ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ನದಿಯದೇ. ಕಪ್ಪು ಕಲ್ಲಿನೊಳಗಿನ ಸುರುಳಿ, ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯ ಪಳೆಯುಳಿಕೆ. ಈ ಭಾಗದಲ್ಲಿ ಹೊತ್ತಿನ ಲೆಕ್ಕ ಮುಖ್ಯ. ಬೆಳಿಗ್ಗೆ ಹತ್ತು-ಹನ್ನೊಂದರ ಹೊತ್ತಿಗೆ ದಕ್ಷಿಣದಿಂದ ಜೋರು ಗಾಳಿ ಎದ್ದು ಮರಳು ಮುಖಕ್ಕೆ ರಾಚುತ್ತದೆ. ಕಾಗ್ಬೇನಿಯಿಂದ ಜೋಮ್ಸೋಮ್‌ಗೆ ನಡೆಯುವವರಿಗೆ ಅದು ಎದುರುಗಾಳಿ, ನಸುಕಿನಲ್ಲೇ ಹೊರಡಿ.

ಖುಂಬುವಿನಲ್ಲಿ ಇಷ್ಟು ವೈವಿಧ್ಯವಿಲ್ಲ. ಲುಕ್ಲಾಗೆ (2,860 ಮೀ.) ವಿಮಾನದಲ್ಲಿ ಇಳಿಯುವುದರಿಂದ ಕೆಳಗಿನ ಹಸಿರು ನೆಲವೇ ತಪ್ಪಿಹೋಗುತ್ತದೆ. ಆದರೆ ಹಿಮನದಿಯ ಕೆಲಸ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಥುಕ್ಲಾದಿಂದ ಲೋಬುಚೆ ಕಡೆಗಿನ ಕಡಿದಾದ ಏರು, ಖುಂಬು ಹಿಮನದಿ ತಳ್ಳಿ ತಂದು ಸುರಿದ ಕಲ್ಲುರಾಶಿಯೇ. ಬಿಳಿ ಮಂಜು ಕಾಣುತ್ತದೆಂದು ಹೋದವರಿಗೆ ಬೂದು ಕಲ್ಲು ಮುಚ್ಚಿದ ಮಂಜು ಕಾಣುತ್ತದೆ. ಬೇಸ್ ಕ್ಯಾಂಪ್‌ನಿಂದ (5,364 ಮೀ.) ಎವರೆಸ್ಟ್ ಶಿಖರ ಕಾಣುವುದಿಲ್ಲ, ಹತ್ತಿರದ ಬೆಟ್ಟದ ಭುಜ ಅಡ್ಡ. ಅದಕ್ಕೆ ಕಾಲಾಪತ್ಥರ್ ಹತ್ತಲೇಬೇಕು.

ದೇಹಕ್ಕೆ ಯಾವುದು ಕಷ್ಟ? ನಮ್ಮ ಮಟ್ಟಿಗೆ ಖುಂಬು, ಏಕೆಂದರೆ ಮಲಗುವ ಎತ್ತರವೇ ಹೆಚ್ಚು: ಲೋಬುಚೆ 4,940, ಗೋರಕ್‌ಶೆಪ್ 5,164. ಒಣ ತಣ್ಣನೆ ಗಾಳಿಗೆ ಕೆಮ್ಮು ಹಿಡಿದರೆ ನಿದ್ದೆಯೂ ಇಲ್ಲ. ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನಡೆಯಿರಿ. ಅನ್ನಪೂರ್ಣದಲ್ಲಿ ಥೊರೊಂಗ್ ಫೇದಿಯಲ್ಲಿ (ಸುಮಾರು 4,450) ಮಲಗಿ ಒಂದೇ ದಿನದಲ್ಲಿ ದಾಟಿಬಿಡಬಹುದು. ಆದರೆ ಆ ದಿನ ಸುಮಾರು ಸಾವಿರ ಮೀಟರ್ ಏರು, 1,600 ಮೀಟರ್‌ಗೂ ಹೆಚ್ಚು ಇಳಿಜಾರು. ಮಂಡಿ ನೋಯುವವರು ಎರಡು ಊರುಗೋಲು ಬಿಟ್ಟು ಹೋಗಬೇಡಿ.

ಅಪಾಯ ನಿಜವಾಗಿ ಇರುವುದು ಜೀಪಿನಲ್ಲಿ. ಮನಾಂಗ್‌ವರೆಗೆ ಈಗ ರಸ್ತೆಯಿದೆ. ಬೇಸಿಸಹರ್‌ನಲ್ಲಿ ಹತ್ತಿ ಅಲ್ಲೇ ಇಳಿದರೆ ದೇಹ ಹೊಂದಿಕೊಳ್ಳುವ ಮೊದಲೇ 3,500 ಮೀಟರ್. ತಲೆನೋವು, ವಾಂತಿ ಅಲ್ಲಿಂದಲೇ ಶುರು. ಜೀಪನ್ನು ಚಾಮೆಗೇ ಬಿಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ, ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಇರಲಿ. ಲಕ್ಷಣ ಜಾಸ್ತಿಯಾದರೆ ಕೆಳಗಿಳಿಯುವುದೇ ಮದ್ದು. ಥೊರೊಂಗ್ ದಾಟುವ ದಿನ ಹವಾಮಾನ ಸಂಶಯವಿದ್ದರೆ ಫೇದಿಯಲ್ಲೇ ಕಾಯಿರಿ. 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತ ತಂದ ಹಿಮಬಿರುಗಾಳಿಗೆ ಸಿಕ್ಕಿ ಈ ಭಾಗದಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಲುಕ್ಲಾದ ತೊಂದರೆ ಬೇರೆ: ಮೋಡ ಕವಿದರೆ ವಿಮಾನವೇ ಇಲ್ಲ. ಊರಿಗೆ ಮರಳುವ ಟಿಕೆಟ್‌ಗೂ ಮೊದಲು ಎರಡು ದಿನ ಖಾಲಿ ಇಟ್ಟುಕೊಳ್ಳಿ. ರಜೆಯಲ್ಲಿ ಆ ಎರಡು ದಿನ ಸಿಗದಿದ್ದರೆ ಅನ್ನಪೂರ್ಣಕ್ಕೇ ಹೋಗಿ. ಅಲ್ಲಿ ಎರಡು ಕಡೆಗೂ ರಸ್ತೆಯಿದೆ.