ಅಡಿಕೆ ಚೊಗರಿನಲ್ಲಿ ಮಡಿಕೆಯ ಚಿತ್ತಾರ: ಶಿರಸಿಯ ಒಂದು ದಿನದ ತರಬೇತಿ ಹೇಗಿತ್ತು?

ಬಟ್ಟೆಯನ್ನು ಮಡಿಸಿ, ಎರಡು ಮರದ ಹಲಗೆಗಳ ನಡುವೆ ಬಿಗಿದು ಬಣ್ಣದಲ್ಲಿ ಅದ್ದುವ ಇಟಾಜಿಮೆ ಎಂಬ ಜಪಾನಿ ವಿಧಾನವನ್ನು ನಮ್ಮ ಅಡಿಕೆ ಚೊಗರಿನಲ್ಲಿ ಮಾಡಿಸುತ್ತಾರೆಂದು ತಿಳಿದು, ಶಿರಸಿ ಸಮೀಪದ ಮನೆಯೊಂದರಲ್ಲಿ ನಡೆದ ಒಂದು ದಿನದ ತರಬೇತಿಗೆ 900 ರೂಪಾಯಿ ಕೊಟ್ಟು ಸೇರಿದೆ. ಕೆಂಪಡಿಕೆ ಬೇಯಿಸಿದ ಮೇಲೆ ಉಳಿಯುವ ಈ ರಸ ಬಟ್ಟೆಗೆ ತಾಗದಂತೆ ಎಚ್ಚರ ವಹಿಸುತ್ತಲೇ ಬೆಳೆದವಳು ನಾನು. ಬೇಕೆಂದೇ ಅದರಲ್ಲಿ ಬಟ್ಟೆ ಅದ್ದುವುದು ನನಗೆ ಸಂಭ್ರಮದ ಸಂಗತಿಯಾಗಿತ್ತು.

ಮಡಿಕೆಯನ್ನು ಕಲಿಸಿದ ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಸೀರೆಯ ನೆರಿಗೆ ಹಿಡಿಯುವಂತೆ ಬಟ್ಟೆಯನ್ನು ಉದ್ದಕ್ಕೆ ಮಡಿಸಿ, ಆ ಪಟ್ಟಿಯನ್ನು ಸಮೋಸದಂತೆ ತ್ರಿಕೋನಗಳಾಗಿ ಹಿಂದೊಮ್ಮೆ ಮುಂದೊಮ್ಮೆ ತಿರುಗಿಸುತ್ತ ಹೋಗಬೇಕು. ಒಂದೇ ದಿಕ್ಕಿಗೆ ಸುತ್ತಿದರೆ ಒಳಗಿನ ಪದರಗಳಿಗೆ ಬಣ್ಣ ಸರಿಯಾಗಿ ತಲುಪುವುದಿಲ್ಲ ಎಂಬುದನ್ನು ಎರಡೂ ಬಗೆಯಲ್ಲಿ ಮಾಡಿಯೇ ತೋರಿಸಿದರು. ಹಲಗೆ ಒತ್ತಿದ ಜಾಗ ಬಿಳಿಯಾಗಿಯೇ ಉಳಿದು, ಬಣ್ಣ ಅಂಚುಗಳಿಂದ ಒಳಗಿಳಿಯುತ್ತದೆ. ಬಿಗಿದ ಕಟ್ಟನ್ನು ಮೊದಲು ಬರಿಯ ನೀರಿನಲ್ಲಿ ನೆನೆಸಬೇಕೆಂಬುದು ನನಗೆ ಹೊಸ ವಿಷಯ: ಒಣ ಬಟ್ಟೆ ರಸವನ್ನು ಹಲಗೆಯ ಅಡಿಗೂ ಎಳೆದುಕೊಳ್ಳುತ್ತದೆ, ನೆನೆದ ಬಟ್ಟೆ ಅಷ್ಟು ಎಳೆದುಕೊಳ್ಳದೆ ಗೆರೆ ಚೊಕ್ಕವಾಗಿ ಬರುತ್ತದೆ. ಕೊನೆಗೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿನಲ್ಲಿ ಅದ್ದಿದಾಗ, ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದೊಡನೆ ಕೂಡಿ, ಕಂದು ಬಣ್ಣ ಕಣ್ಣೆದುರೇ ಬೂದುಗಪ್ಪಾಯಿತು. ಆ ಕ್ಷಣವೊಂದಕ್ಕೇ ಹೋದದ್ದು ಸಾರ್ಥಕವೆನಿಸಿತು.

ಕೊರತೆಯಿದ್ದುದು ಬಟ್ಟೆಯಲ್ಲಿ. ನಮಗೆ ಕೊಟ್ಟ ಕೋರಾ ಬಟ್ಟೆಯ ಗಂಜಿಯನ್ನು ತೆಗೆದಿರಲಿಲ್ಲವಾದ್ದರಿಂದ ಬಣ್ಣ ಅಲ್ಲಲ್ಲಿ ಹಿಡಿದು, ಅಲ್ಲಲ್ಲಿ ಜಾರಿ, ನನ್ನ ಮೊದಲ ತುಂಡು ಪೂರ್ತಿ ಕಲೆಕಲೆಯಾಯಿತು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ತನ್ನ ಮಡಿಕೆಯೇ ತಪ್ಪಿತೆಂದು ಬೇಸರಪಟ್ಟುಕೊಂಡಳು. ಅವಳ ಮಡಿಕೆ ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಉಳಿದ ತುಂಡನ್ನು ಮನೆಗೆ ತಂದು, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ತಾಸು ಕುದಿಸಿ, ಚೆನ್ನಾಗಿ ತೊಳೆದು, ಪಟಿಕದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅಲ್ಲಿ ಕಲಿತಂತೆಯೇ ಮಡಿಸಿ ಅದ್ದಿದಾಗ, ಬಿಳಿಯ ನಕ್ಷತ್ರಗಳು ಒಂದರ ಪಕ್ಕ ಒಂದು ಸ್ಪಷ್ಟವಾಗಿ ಮೂಡಿದವು. ಈ ಪೂರ್ವಸಿದ್ಧತೆಗೆ ತರಬೇತಿಯಲ್ಲಿ ಅರ್ಧ ತಾಸಾದರೂ ಮೀಸಲಿಡಬೇಕಿತ್ತು.

ಊಟ ಚೆನ್ನಾಗಿತ್ತು, ಜಾಗವೂ ವಿಶಾಲವಾಗಿತ್ತು. ಇನ್ನು ಮುಂದೆ ಸೇರುವವರು ಹಲವು ಬಾರಿ ಒಗೆದ ಹಳೆಯ ಹತ್ತಿ ಪಂಚೆಯೊಂದನ್ನು ತಾವೇ ಕೊಂಡೊಯ್ಯುವುದು ಒಳ್ಳೆಯದು. ಅದರಲ್ಲಿ ಗಂಜಿ ಉಳಿದಿರುವುದಿಲ್ಲ.